ತೂತು ಹೊಲಿದಾಯ್ತು, ಬಯಾಪ್ಸಿ ಆಯ್ತಾ?

ಜಮಖಂಡಿಯಲ್ಲಿ ಅಪ್ಪನ ಹೊಟ್ಟೆಹುಣ್ಣು ತೂತಾಗಿ ಆಪರೇಷನ್ ಆಯ್ತು, ಒಳಗೆ ಕ್ಯಾನ್ಸರ್ ಇರಬಹುದಾ ಅಂತ ಕೇಳಿದ್ದೀರಿ. ಮೊದಲು ಡಿಸ್ಚಾರ್ಜ್ ಕಾರ್ಡ್ ನೋಡಿ. ತೂತು ಡುಯೋಡಿನಮ್‌ನಲ್ಲಿ, ಅಂದರೆ ಸಣ್ಣ ಕರುಳು ಶುರುವಾಗುವ ಜಾಗದಲ್ಲಿದ್ದರೆ ಕ್ಯಾನ್ಸರ್ ತೀರಾ ಅಪರೂಪ. ಜಠರದಲ್ಲೇ ಇದ್ದರೆ ಹೆಚ್ಚಿನವು ಬರೀ ಹುಣ್ಣೇ, ಆದರೂ ಸುಮಾರು 10ರಲ್ಲಿ 1 ಕ್ಯಾನ್ಸರ್ ಆಗಿರಬಹುದು. ಬರೀ ಕಣ್ಣಿಂದ ನೋಡಿ ಹೇಳೋಕಾಗಲ್ಲ. ಹುಣ್ಣಿನ ಅಂಚಿನ ಚೂರು ಬಯಾಪ್ಸಿಗೆ, ಅಂದರೆ ಲ್ಯಾಬ್‌ನಲ್ಲಿ ಸೂಕ್ಷ್ಮದರ್ಶಕದ ಪರೀಕ್ಷೆಗೆ ಹೋಗಲೇಬೇಕು.

ವಿಜಯಪುರದ ನಮ್ಮ ಕಾಕಾಗೂ ಹೀಗೇ ಆಗಿತ್ತು. ಮೊಣಕಾಲು ನೋವಿಗೆ ದಿನಾ ಗುಳಿಗೆ ನುಂಗುತ್ತಿದ್ದರು, ಅದೂ ಖಾಲಿ ಹೊಟ್ಟೆಗೆ! ರಾತ್ರೋರಾತ್ರಿ ತೂತು ಹೊಲಿದರು, ಬಯಾಪ್ಸಿ ಆಗಲಿಲ್ಲ. 2 ತಿಂಗಳ ನಂತರ ಎಂಡೋಸ್ಕೋಪಿಯಲ್ಲಿ, ಅಂದರೆ ಬಾಯಿಂದ ಕ್ಯಾಮೆರಾ ಇರುವ ಕೊಳವೆ ಇಳಿಸಿ, ಏಳೆಂಟು ಚೂರು ತೆಗೆದರು. ಕ್ಯಾನ್ಸರ್ ಇರಲಿಲ್ಲ, ಹುಣ್ಣು ತರುವ ಎಚ್. ಪೈಲೋರಿ ಬ್ಯಾಕ್ಟೀರಿಯಾ ಸಿಕ್ಕಿತು. 14 ದಿನ ಮಾತ್ರೆ ಕೊಟ್ಟರು.

ಕಾರ್ಡಿನಲ್ಲಿ ಜಠರ ಅಂತಿದ್ದರೆ, 6ರಿಂದ 8 ವಾರಕ್ಕೆ ಎಂಡೋಸ್ಕೋಪಿ ಬೇಕಲ್ವಾ ಅಂತ ಡಾಕ್ಟರನ್ನು ನೀವೇ ಕೇಳಿ. ನೋವು ಹೋಯ್ತಲ್ಲ ಅಂತ ಸುಮ್ನೆ ಕೂರಬೇಡಿ.