ವಿಂಚ್‌ಗೆ ಯಾವ ಗ್ರೀಸ್, ಎಷ್ಟು?

ಪ್ರಶ್ನೆ: ನಮ್ಮ ಹಾಯಿದೋಣಿಯಲ್ಲಿ ಹಗ್ಗ ಬಿಗಿದೆಳೆಯುವ ವಿಂಚ್ ಬಿಚ್ಚಿ, ಕಾರಿನ ವೀಲ್ ಬೇರಿಂಗ್ ಗ್ರೀಸ್ ಧಾರಾಳವಾಗಿ ತುಂಬಿಸಿದ್ದೆವು. ಮಳೆಗಾಲ ಕಳೆದ ಮೇಲೆ ಅದರ ಡ್ರಮ್ (ಹಗ್ಗ ಸುತ್ತುವ ಉರುಳೆ) ಆಗಾಗ ಹಿಂದಕ್ಕೆ ಜಾರುತ್ತಿದೆ. ಗ್ರೀಸ್ ಸಾಲದಾಯಿತೇ?
– ಓದುಗರೊಬ್ಬರು, ಕುಂಬಳೆ

ಉತ್ತರ: ಸಾಲದ್ದಲ್ಲ, ಹೆಚ್ಚಾದದ್ದು. ಡ್ರಮ್ ಹಿಂದಕ್ಕೆ ತಿರುಗದಂತೆ ತಡೆಯುವುದು ಪಾಲ್ ಎಂಬ ಪುಟ್ಟ ಲೋಹದ ತುಂಡುಗಳು. ತೆಳುವಾದ ಸ್ಪ್ರಿಂಗ್ ಅವನ್ನು ಹೊರಕ್ಕೆ ತಳ್ಳಿ ಹಲ್ಲಿಗೆ ಕೂರಿಸಬೇಕು. ದಪ್ಪ ಗ್ರೀಸಿಗೆ ಉಪ್ಪು, ಧೂಳು ಸೇರಿ ಅಂಟಾದರೆ ಸ್ಪ್ರಿಂಗಿಗೆ ಆ ಶಕ್ತಿ ಸಾಲದು. ಹಗ್ಗದಲ್ಲಿ ಭಾರವಿರುವಾಗ ಪಾಲ್ ಕೈಕೊಟ್ಟರೆ ಹ್ಯಾಂಡಲ್ ರಭಸದಿಂದ ಹಿಂದಿರುಗಿ ಕೈ ಮುರಿಯಬಹುದು. ಸರಿಯಾಗುವ ತನಕ ದಯವಿಟ್ಟು ಆ ವಿಂಚ್ ಬಳಸಬೇಡಿ.

ಬಿಚ್ಚುವ ಮುನ್ನ, ತಳಕ್ಕೆ ತೂತು ಮಾಡಿದ ರಟ್ಟಿನ ಪೆಟ್ಟಿಗೆಯನ್ನು ವಿಂಚಿನ ಸುತ್ತ ಇಳಿಸಿ. ಸಿಡಿದ ಸ್ಪ್ರಿಂಗ್ ಕಡಲುಪಾಲಾಗದು. ಡ್ರಮ್ ಎತ್ತುವಾಗ ಬೇರಿಂಗ್ ಅದರೊಳಗೇ ಅಂಟಿಕೊಂಡು ಬರುವುದುಂಟು, ನಿಧಾನವಾಗಿ ಎತ್ತಿ. ಹಂತಹಂತಕ್ಕೂ ಫೋಟೋ ತೆಗೆದುಕೊಳ್ಳಿ. ತೊಳೆಯಲು ಸೀಮೆಎಣ್ಣೆ, ಹಳೆಯ ಟೂತ್‌ಬ್ರಷ್ ಸಾಕು. ಹಳೇ ಗ್ರೀಸ್ ಪೂರ್ತಿ ಹೋಗಲೇಬೇಕು. ಹೊಂದದ ಎರಡು ಗ್ರೀಸ್ ಬೆರೆತರೆ ತೆಳುವಾಗಿ ಸೋರಬಹುದು, ಇಲ್ಲವೇ ಗಟ್ಟಿಯಾಗಬಹುದು.

ಗಿಯರ್ ಹಲ್ಲು, ರೋಲರ್ ಬೇರಿಂಗ್, ಶಾಫ್ಟಿಗೆ ವಿಂಚ್‌ಗೆಂದೇ ಬರುವ ಗ್ರೀಸನ್ನು ಬ್ರಷ್‌ನಲ್ಲಿ ತೆಳ್ಳಗೆ ಸವರಿ, ಅಡಿಯ ಲೋಹ ಕಾಣುವಷ್ಟು. ಪಾಲ್, ಸ್ಪ್ರಿಂಗಿಗೆ ಗ್ರೀಸ್ ಬೇಡವೇ ಬೇಡ, ತೆಳು ಮೆಷಿನ್ ಎಣ್ಣೆ ಒಂದೆರಡು ಹನಿ ಸಾಕು. ಪ್ರತಿ ಪಾಲನ್ನೂ ಬೆರಳಿನಿಂದ ಒತ್ತಿ ಬಿಡಿ, ತಟ್ಟನೆ ಹೊರಬರಬೇಕು. ತಡವರಿಸಿದರೆ ಸ್ಪ್ರಿಂಗ್ ಬದಲಿಸಿ. ಜೋಡಿಸಿದ ಮೇಲೆ ಕೈಯಲ್ಲಿ ಡ್ರಮ್ ತಿರುಗಿಸಿ ಟಕಟಕ ಸದ್ದು ಕೇಳಿ, ಹಿಂದಕ್ಕೂ ಎಳೆದು ನೋಡಿ.