ಎಳೆ ಸೂರ್ಯನ ಆರ್ಭಟಕ್ಕೂ ಭೂಮಿ ಕಲ್ಲಿನ ಗ್ರಹವಾದದ್ದಕ್ಕೂ ಸಂಬಂಧ ಇದೆಯಾ?

ಸಂಬಂಧ ಇದೆ. ಆದರೆ ಕೆಲವರು ಅಂದುಕೊಳ್ಳುವ ಹಾಗೆ, ಸೂರ್ಯನ ಜ್ವಾಲೆಗಳು (ಅದರ ಮೈಯಿಂದ ಸಿಡಿಯುವ ಸ್ಫೋಟಗಳು) ಹತ್ತಿರದ ಗ್ರಹಗಳನ್ನು ಸುಟ್ಟು ಕಲ್ಲು ಮಾಡಿದ್ದಲ್ಲ. ಆಗ ಗ್ರಹಗಳೇ ಇರಲಿಲ್ಲ, ಬರೀ ದೂಳು.

ನಾನು ಬದಿಯಡ್ಕದ ಹತ್ತಿರ ಕನ್ನಡ ಮೀಡಿಯಂ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ವರ್ಷಕ್ಕೊಬ್ಬನಾದರೂ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಕರಿ ತುಂಡೊಂದನ್ನು ಜೇಬಲ್ಲಿ ತಂದು, "ಮಾಷ್ಟ್ರೇ, ಇದು ಉಲ್ಕೆಯಾ?" ಅಂತ ಕೇಳುತ್ತಾನೆ. ಅಲ್ಲ ಮಾರಾಯ, ಅದು ನಿನ್ನ ಮನೆ ಗೋಡೆಯದೇ ನೆಂಟ. ಆದರೂ ಆ ತುಂಡನ್ನು ನಾನು ಎಸೆಯುವುದಿಲ್ಲ. ಕಾಲಾಂತರದಿಂದ ಮಳೆ ಹೊಯ್ದು ಹೊಯ್ದು, ಕರಗುವುದೆಲ್ಲ ತೊಳೆದುಹೋಗಿ, ಹಟ ಹಿಡಿದು ಉಳಿದ ಕಬ್ಬಿಣ, ಅಲ್ಯೂಮಿನಿಯಂ ತಾನೇ ಮುರಕಲ್ಲು?

ಭೂಮಿಯದೂ ಹೆಚ್ಚುಕಡಿಮೆ ಅದೇ ಕಥೆ, ಮಳೆಯ ಜಾಗದಲ್ಲಿ ಬಿಸಿ. ಸುಮಾರು 456 ಕೋಟಿ ವರ್ಷದ ಹಿಂದೆ ಸೂರ್ಯನ ಸುತ್ತ ಅನಿಲ, ದೂಳಿನ ದೊಡ್ಡ ತಟ್ಟೆ ತಿರುಗುತ್ತಿತ್ತು. ಒಳಭಾಗದ ಬಿಸಿಗೆ ನೀರು ಮಂಜುಗಡ್ಡೆಯಾಗಿ ನಿಲ್ಲಲಿಲ್ಲ. ಗಟ್ಟಿಯಾಗಿ ಉಳಿದದ್ದು ಕಲ್ಲು, ಕಬ್ಬಿಣದ ಕಣಗಳು. ಇವತ್ತಿಗೂ ಸಮುದ್ರದ ನೀರನ್ನೆಲ್ಲ ತೂಗಿದರೆ ಭೂಮಿಯ ತೂಕದ ಶೇ 0.03 ಕೂಡ ಆಗುವುದಿಲ್ಲ. ಅರಬ್ಬಿ ಕಡಲಿನ ಬದಿಯಲ್ಲಿ ಕೂತು ಇದನ್ನು ನಂಬುವುದು ಕಷ್ಟ, ಅಲ್ವಾ?

ಆ ಬಿಸಿಯೂ ಒಂದೇ ಸಮ ಇದ್ದಿರಲಾರದು. ಎಳೆ ನಕ್ಷತ್ರಗಳ ಮೇಲೆ ತಟ್ಟೆಯ ಅನಿಲ ಆಗಾಗ ರಾಶಿಯಾಗಿ ಬೀಳುತ್ತದೆ, ಆಗ ಅವು ಭಗ್ಗನೆ ಉರಿಯುತ್ತವೆ. ವಿ883 ಓರಿಯೋನಿಸ್ ಎಂಬ ನಕ್ಷತ್ರ ಹಾಗೆ ಉರಿಯುತ್ತಿರುವಾಗಲೇ ಚಿಲಿಯ ಆಲ್ಮಾ ದೂರದರ್ಶಕಕ್ಕೆ ಸಿಕ್ಕಿತು. ಮಾಮೂಲಿಗೆ ಭೂಮಿ-ಸೂರ್ಯರ ಅಂತರದ ಮೂರು ಪಟ್ಟು ದೂರದಲ್ಲಿ ಇರಬೇಕಾದ ಮಂಜಿನ ಗಡಿ (ನೀರು ಮಂಜುಗಡ್ಡೆಯಾಗಿ ನಿಲ್ಲಲು ಶುರುವಾಗುವ ಜಾಗ), ಅಲ್ಲಿ ಸುಮಾರು 40 ಪಟ್ಟು ದೂರಕ್ಕೆ ಸರಿದಿತ್ತು. ಅಂದರೆ ಪ್ಲೂಟೋ ಇರುವಷ್ಟು ದೂರ! 2016ರ ಸುದ್ದಿ ಇದು.

ಇನ್ನು ಜ್ವಾಲೆಗಳು. ಅವುಗಳ ಗುರುತು ನಿಜವಾದ ಉಲ್ಕೆಯಲ್ಲಿದೆ. 1969ರಲ್ಲಿ ಮೆಕ್ಸಿಕೋದಲ್ಲಿ ಬಿದ್ದ ಅಯೆಂದೆ ಉಲ್ಕೆಯನ್ನು ಕೊಯ್ದರೆ ಬೂದು ಕಲ್ಲಿನ ನಡುವೆ ಬಿಳಿ ಚುಕ್ಕೆಗಳು ಕಾಣುತ್ತವೆ. ಕ್ಯಾಲ್ಸಿಯಂ, ಅಲ್ಯೂಮಿನಿಯಂ ತುಂಬಿದ ಈ ಚುಕ್ಕೆಗಳೇ ಸೌರಮಂಡಲದ ಅತಿ ಹಳೆಯ ಗಟ್ಟಿ ವಸ್ತು. ಒಂದು ಕಾಲದಲ್ಲಿ ಇವುಗಳಲ್ಲಿ ಬೆರಿಲಿಯಂ-10 (ಬೆರಿಲಿಯಂ ಲೋಹದ ಒಂದು ವಿಕಿರಣಶೀಲ ರೂಪ) ಇತ್ತು ಅಂತ 2000ದಲ್ಲಿ ಗೊತ್ತಾಯಿತು. ನಕ್ಷತ್ರದ ಹೊಟ್ಟೆಯಲ್ಲಿ ಬೆರಿಲಿಯಂ ಬೇಯುವುದಿಲ್ಲ, ನಾಶವಾಗುತ್ತದೆ. ವೇಗದ ಕಣ ಬಂದು ಆಮ್ಲಜನಕದಂಥ ಪರಮಾಣುವಿನ ಬೀಜವನ್ನು ಒಡೆದರೆ ಮಾತ್ರ ಅದು ಹುಟ್ಟುತ್ತದೆ. ಆ ಕಣಗಳನ್ನು ಎಸೆದದ್ದು ಎಳೆ ಸೂರ್ಯನೇ ಅಂತ ತುಂಬಾ ಜನರ ವಾದ. ಸೂರ್ಯ ಹುಟ್ಟುವ ಮೊದಲೇ, ಅದು ಹುಟ್ಟಿದ ಅನಿಲ-ದೂಳಿನ ಮೋಡದಲ್ಲಿ ಒಂದಿಷ್ಟು ಬೆರಿಲಿಯಂ-10 ಇತ್ತು ಅನ್ನುವವರೂ ಇದ್ದಾರೆ. ನನಗೆ ಮೊದಲನೆಯದೇ ಸರಿ ಅನಿಸುತ್ತದೆ.

ಜ್ವಾಲೆಯಿಂದ ಉಪಕಾರವೂ ಆಗಿರಬಹುದು. ಚಂದ್ರಾ ಎಕ್ಸ್‌-ರೇ ದೂರದರ್ಶಕ, ನಕ್ಷತ್ರಗಳು ಹುಟ್ಟುವ ಓರಿಯನ್ ನೆಬ್ಯುಲಾ ಎಂಬ ಮೋಡವನ್ನು ಸುಮಾರು 13 ದಿನ ದಿಟ್ಟಿಸಿತ್ತು. ಅಲ್ಲಿಯ ಸೂರ್ಯನಂಥ ಎಳೆ ನಕ್ಷತ್ರಗಳ ಜ್ವಾಲೆಗಳು ನಮ್ಮ ಸೂರ್ಯನದಕ್ಕಿಂತ ಎಷ್ಟೋ ಜಾಸ್ತಿ ಜೋರು. ಆ ಎಕ್ಸ್‌-ರೇ ತಟ್ಟೆಯ ಅನಿಲವನ್ನು ಕಲಕಿಬಿಟ್ಟರೆ, ಎಳೆ ಗ್ರಹಗಳು ಸುರುಳಿ ಸುತ್ತುತ್ತಾ ನಕ್ಷತ್ರದ ಬಾಯಿಗೆ ಬೀಳುವುದು ತಪ್ಪಬಹುದು ಅಂತ 2005ರಲ್ಲಿ ಅದನ್ನು ನೋಡಿದ ವಿಜ್ಞಾನಿಗಳ ತಂಡ ಹೇಳಿತು.

ಹತ್ತಿರ ಹೋದಷ್ಟೂ ಒಣಗಿರಬೇಕು ಅಂತ ಲೆಕ್ಕ ಹಾಕಿದರೆ ಮಾತ್ರ ಬುಧ ಗ್ರಹ ಕೈ ಕೊಡುತ್ತದೆ. ಸುಲಭವಾಗಿ ಹಾರಿಹೋಗುವ ಗಂಧಕ, ಪೊಟ್ಯಾಸಿಯಂ ಅಲ್ಲಿಯ ನೆಲದಲ್ಲಿ ಧಾರಾಳವಾಗಿ ಇರುವುದನ್ನು, ಬುಧನನ್ನು ಸುತ್ತಿದ ನಾಸಾದ ಮೆಸೆಂಜರ್ ನೌಕೆ ಕಂಡಿತು. ನನ್ನ ಮುರಕಲ್ಲಿನ ಹೋಲಿಕೆ ಅಲ್ಲಿಗೆ ಹೊಂದುವುದಿಲ್ಲ.