ರೆಂಟು ಬೇರೆ, ಲೀಸು ಬೇರೆ

ಪ್ರಶ್ನೆ: ನಮಸ್ಕಾರ ಸರ್, ನಾವು ಡೊಂಬಿವಲೀಲಿರೋದು. ನನ್ನ ಮಗ ಹಿಂಜೆವಾಡೀಲಿ ಕೆಲಸಕ್ಕೆ ಸೇರಿ ಪುಣೆಯಲ್ಲೇ ಫ್ಲ್ಯಾಟ್ ಹಿಡಿದ. 'ಲೀಸ್ ಸೈನ್ ಆಯ್ತಮ್ಮಾ' ಅಂದಿದ್ದನ್ನ ಬೆಂಗಳೂರಲ್ಲಿರೋ ನನ್ನ ತಮ್ಮಂಗೆ ಹೇಳಿದ್ರೆ, 'ಎಷ್ಟು ಲಕ್ಷ ಕೊಟ್ರಿ ಅಕ್ಕಾ' ಅಂತಾನೆ. ಮಗ ನೋಡಿದ್ರೆ ತಿಂಗಳು ತಿಂಗಳು ಬಾಡಿಗೆ ಕಟ್ತಿದಾನೆ. ರೆಂಟ್ ಯಾವುದು, ಲೀಸ್ ಯಾವುದು?

ಉತ್ತರ: ನಿಮ್ಮ ತಮ್ಮ ಕೇಳಿದ್ದು ಬೆಂಗಳೂರಿನ ಲೀಸು ಅಮ್ಮಾ, ಅಂದ್ರೆ ನಮ್ಮ ಭೋಗ್ಯ, ಒಂದೇ ಸಲ ದೊಡ್ಡ ಮೊತ್ತ ಕೊಟ್ಟು ಬಾಡಿಗೆ ಇಲ್ದೆ ಇರೋದು, ಬಿಡುವಾಗ ದುಡ್ಡು ವಾಪಸ್ ತಗೊಳ್ಳೋದು. ಇದಕ್ಕೇ ಮುಂಬೈ ಏಜೆಂಟರು 'ಹೆವಿ ಡಿಪಾಸಿಟ್' ಅಂತಾರೆ. ಇಂಗ್ಲಿಷಲ್ಲಿ ಲೀಸ್ ಅಂದ್ರೆ ಇಂತಿಷ್ಟು ಅವಧಿಗೆ ಅಂತ ಮಾಡ್ಕೊಳ್ಳೋ ಕರಾರು, ರೆಂಟ್ ಅಂದ್ರೆ ಅದರ ಪ್ರಕಾರ ಕೊಡೋ ದುಡ್ಡು. ಅದಕ್ಕೇ ಲೀಸ್ ಮುಗಿಯುತ್ತೆ, ರಿನ್ಯೂ ಆಗುತ್ತೆ. ರೆಂಟ್ ಏರುತ್ತೆ, ಬಾಕಿ ಬೀಳುತ್ತೆ.

ಕ್ರಿಯಾಪದವಾಗಿ ಬಳಸುವಾಗ ಅವಧಿ ನೋಡಿ. ಗೋವಾದಲ್ಲಿ ಎರಡು ದಿನಕ್ಕೆ ಸ್ಕೂಟರ್ ತಗೊಂಡ್ರೆ ಅದು ರೆಂಟ್, ಲೀಸ್ ಅಂತ ಯಾರೂ ಅನ್ನಲ್ಲ, ಕಂಪನಿ ಮೂರು ವರ್ಷಕ್ಕೆ ಕಾರು ತಗೊಂಡ್ರೆ ಲೀಸ್. ಇನ್ನೊಂದು, 'ಐ ರೆಂಟ್ ಎ ಫ್ಲ್ಯಾಟ್' ಅಂದ್ರೆ ಸಾಮಾನ್ಯವಾಗಿ ಬಾಡಿಗೆಗೆ ಇದ್ದೀನಿ ಅಂತ ಅರ್ಥ, ಮನೆ ಓನರ್ ಆದ್ರೆ 'ರೆಂಟ್ ಔಟ್' ಅನ್ನಬೇಕು, ಆ 'ಔಟ್' ಬಿಟ್ರೆ ಎದುರಿನವರಿಗೆ ಉಲ್ಟಾ ಅರ್ಥ ಆಗುತ್ತೆ.

ಈಗ ನಿಮ್ಮ ಮಗನ ಪೇಪರ್ ವಿಷಯ, ಇದೇ ಮುಖ್ಯ. ಮುಂಬೈ ಪುಣೆ ಕಡೆ ಈಗ ಮನೆಗೆ ಹೆಚ್ಚಾಗಿ ಮಾಡೋದು 'ಲೀವ್ ಅಂಡ್ ಲೈಸೆನ್ಸ್', ಲೀಸ್ ಅಲ್ಲ. ಇಲ್ಲಿ ಲೀವ್ ಅಂದ್ರೆ ರಜೆ ಅಲ್ಲ, ಅನುಮತಿ. ಲೀಸ್ ಆದ್ರೆ ಆ ಅವಧಿಗೆ ಆಸ್ತಿಯಲ್ಲೇ ಒಂದು ಹಕ್ಕು ನಿಮಗೆ ಬರುತ್ತೆ, 1882ರ ಆಸ್ತಿ ವರ್ಗಾವಣೆ ಕಾಯ್ದೆ ಹೇಳೋದು ಅದನ್ನೇ, ಲೈಸೆನ್ಸಲ್ಲಿ ಇರೋದಕ್ಕೆ ಒಪ್ಪಿಗೆ ಅಷ್ಟೇ, ಮನೆ ಮೇಲೆ ಹಕ್ಕು ಹುಟ್ಟಲ್ಲ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ ಪ್ರಕಾರ ಮನೆಯ ಲೈಸೆನ್ಸ್ ಅವಧಿ ಮುಗಿದ ಮೇಲೂ ಖಾಲಿ ಮಾಡದಿದ್ರೆ ಲೈಸೆನ್ಸ್ ಫೀ, ಅಂದ್ರೆ ತಿಂಗಳು ತಿಂಗಳು ಕಟ್ಟೋ ದುಡ್ಡಿನ ಎರಡರಷ್ಟು ಕಟ್ಟಬೇಕಾಗುತ್ತೆ. ಹನ್ನೊಂದು ತಿಂಗಳದ್ದಾದ್ರೂ ಅಗ್ರಿಮೆಂಟು ಬರವಣಿಗೆಯಲ್ಲಿರಬೇಕು, ರಿಜಿಸ್ಟರ್ ಆಗಬೇಕು, ಅದರ ಜವಾಬ್ದಾರಿ ಓನರ್‌ದು. ಹನ್ನೊಂದು ತಿಂಗಳಿಗೆ ರಿಜಿಸ್ಟ್ರೇಷನ್ ಬೇಡ ಅಂತ ಎಷ್ಟೋ ಜನ ನಮ್ಮವರೇ ಇನ್ನೂ ಹೇಳ್ತಾರೆ, ದಯವಿಟ್ಟು ನಂಬಬೇಡಿ.

ಮಗನಿಗೆ ಹೇಳಿ, ಪೇಪರ್ ತಲೆಬರಹದಲ್ಲಿ ಏನು ಬರೆದಿದೆ, ಯಾವ ತಾರೀಖಿಗೆ ಮುಗಿಯುತ್ತೆ ಅಂತ ಒಮ್ಮೆ ನೋಡಲಿ, ರಿಜಿಸ್ಟರ್ ಆದ ಕಾಪಿ ಓನರ್ ಹತ್ರ ಕೇಳಿ ಇಸ್ಕೊಳ್ಳಲಿ. ತಮ್ಮಂಗೆ 'ಬಾಡಿಗೆಗೆ ಇದಾನೆ' ಅಂದ್ರೆ ಸಾಕು.